ಮೂವತ್ತಕ್ಕೆ ಇಪ್ಪತ್ತೆಂಟು

ಟೀಚರಮ್ಮ ಮೂವತ್ತೊಂದು ವರ್ಷ ಮಕ್ಕಳಿಗೆ ಪಾಠ ಹೇಳಿದವರು. ಅಷ್ಟೂ ವರ್ಷದಲ್ಲಿ ಅವರು ಕಾಯುತ್ತಿದ್ದ ಪರೀಕ್ಷೆ ಕೋಣೆಯಲ್ಲಿ ಒಂದೇ ಒಂದು ಮಗು ಕಾಪಿ ಹೊಡೆದದ್ದಿಲ್ಲ. ಹೊಡೆಯಲು ನೋಡಿದ್ದವು, ಆದರೆ ಅವರ ಕಣ್ಣು ತಪ್ಪಿಸುವುದು ಹುಡುಗಾಟವೇ? ಕತ್ತು ಒಂಚೂರು ಆಚೆ ವಾಲಿದರೆ ಸಾಕು, ಬಂದು ಪಕ್ಕದಲ್ಲಿ ನಿಂತುಬಿಡುತ್ತಿದ್ದರು. ಬೈಯುತ್ತಿರಲಿಲ್ಲ, ಗದರುತ್ತಿರಲಿಲ್ಲ, ಸುಮ್ಮನೆ ನಿಲ್ಲುತ್ತಿದ್ದರು. ಮಗು ತಾನಾಗಿ ಬೆವರುತ್ತಿತ್ತು. ಅಂಥ ಹೆಂಗಸು ಅರವತ್ತೆಂಟನೇ ವಯಸ್ಸಿನಲ್ಲಿ ಕಟ್ಟಿಕೊಂಡ ಗಂಡನಿಗೇ ಪರೀಕ್ಷೆಯಲ್ಲಿ ಕಾಪಿ ಹೊಡೆಸಿದರು ಅಂದರೆ ಯಾರು ನಂಬುತ್ತಾರೆ? ನಂಬಬೇಕು, ಯಾಕೆಂದರೆ ನಡೆದದ್ದು ಹಾಗೇ.

ಗಂಡನನ್ನು ಬೀದಿಯವರೆಲ್ಲ ಕಮಾಂಡರ್ ಅನ್ನುತ್ತಿದ್ದರು. ಕಮಾಂಡರೂ ಇಲ್ಲ ಗಿಮಾಂಡರೂ ಇಲ್ಲ, ಸೇನೆಯಲ್ಲಿ ಇಪ್ಪತ್ತನಾಲ್ಕು ವರ್ಷ ಲಾರಿ ಓಡಿಸಿದವರು. ಆದರೆ ನೆಟ್ಟಗಿನ ಬೆನ್ನು, ಬೆಳಗ್ಗೆ ಐದಕ್ಕೆ ಕ್ಷೌರ, ತರಕಾರಿ ತರಲು ಹೋದರೂ ಮೇಲಿನ ಗುಂಡಿವರೆಗೆ ಹಾಕಿದ ಅಂಗಿ, ಇದನ್ನೆಲ್ಲ ನೋಡಿ ಯಾರೋ ಕಿಡಿಗೇಡಿ ಇಟ್ಟ ಹೆಸರು ಅಂಟಿಕೊಂಡಿತ್ತು. ಅವರಿಗೂ ಒಳಗೊಳಗೇ ಖುಷಿ. ಬೇಡ ಅಂತ ಒಂದು ಸಲವೂ ಹೇಳಿದವರಲ್ಲ.

ಇಂಥ ಕಮಾಂಡರು ಒಂದು ದಿನ ಬೆಳಗ್ಗೆ ಒಂದೇ ಬೂಟಿಗೆ ಮೂರು ಸಲ ಪಾಲಿಶ್ ಹಾಕಿದರು. ಇನ್ನೊಂದು ಬೂಟು ಧೂಳು ಹಿಡಿದು ಹಾಗೇ ಕೂತಿತ್ತು. ಎರಡನ್ನೂ ಹಾಕಿಕೊಂಡು ಹೊರಟೇಬಿಟ್ಟರು. ಟೀಚರಮ್ಮ ನಕ್ಕರು, ವಯಸ್ಸಾಯಿತು ಅಂದರು. ಆಮೇಲೆ ಒಂದು ದಿನ ಕಮಾಂಡರು ಗ್ಯಾಸಿನ ಕಿವಿ ತಿರುಗಿಸಿ ಹಚ್ಚುವುದನ್ನು ಮರೆತರು. ಅವತ್ತು ಟೀಚರಮ್ಮ ನಗಲಿಲ್ಲ. ಕ್ಷೌರದಂಗಡಿ ಎರಡು ಬೀದಿ ಆಚೆ. ಅಲ್ಲಿಗೆ ಹೋದವರು ಮೂರು ಗಂಟೆ ಬಿಟ್ಟು, ಬೇರೆ ಯಾರದೋ ಕೈ ಹಿಡಿದು ಬಂದಾಗ ಟೀಚರಮ್ಮ ತಡ ಮಾಡಲಿಲ್ಲ. ಮಾಜಿ ಸೈನಿಕರ ಆಸ್ಪತ್ರೆಗೆ ಬಿಪಿ ಮಾತ್ರೆ ತರಲು ಹೋದಾಗ ಕೌಂಟರಿನ ಸಿಸ್ಟರ್ ಹತ್ತಿರ ಮೆಲ್ಲಗೆ ಹೇಳಿದರು. ಸಿಸ್ಟರ್ ಒಂದು ಚೀಟಿ ಬರೆದು ಕೊಟ್ಟಳು. ನೆನಪಿನ ವಿಭಾಗದಲ್ಲಿ ಪರೀಕ್ಷೆ, ಮುಂದಿನ ತಿಂಗಳು ಹನ್ನೆರಡನೇ ತಾರೀಖು, ಗುರುವಾರ, ಹತ್ತು ಗಂಟೆ.

ಅಷ್ಟಕ್ಕೇ ಮನೆಗೆ ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ರೋಗಿಗಳು ಸರದಿ ಕಾಯುವ ಹಾಲಿನಲ್ಲಿ ಬ್ಯಾಂಡ್ ಮಾಸ್ಟರ್ ಸಿಕ್ಕಿದ.

ಬ್ಯಾಂಡ್ ಮಾಸ್ಟರ್ ಅಂದರೆ ಸೇನೆಯ ಬ್ಯಾಂಡಿನಲ್ಲಿ ತುತ್ತೂರಿ ಊದುತ್ತಿದ್ದ ಮನುಷ್ಯ. ಬಾಯಿ ತುತ್ತೂರಿಗಿಂತ ದೊಡ್ಡದು. ಆ ಹಾಲಿನಲ್ಲಿ ಕೂರುವ ಮುದುಕರಿಗೆಲ್ಲ ಒಂದು ಹಳೇ ಅಭ್ಯಾಸ ಇತ್ತು, ಸೇನೆಯಿಂದ ತಂದದ್ದು. ದೊಡ್ಡ ಸಾಹೇಬರು ತಪಾಸಣೆಗೆ ಬಂದರೆ, ಮೊದಲು ತಪಾಸಣೆ ಆದ ತುಕಡಿಯವರು ಮುಂದಿನವರಿಗೆ ಗುಟ್ಟಾಗಿ ಹೇಳಿ ಕಳಿಸಬೇಕು: ಸಾಹೇಬರು ಹಾಸಿಗೆ ಕೆಳಗೆ ನೋಡ್ತಾರೆ, ಬೆಲ್ಟಿನ ಹಿಂಬದಿ ನೋಡ್ತಾರೆ, ಉಗುರು ನೋಡ್ತಾರೆ. ಹೇಳದವನು ದ್ರೋಹಿ. ಬ್ಯಾಂಡ್ ಮಾಸ್ಟರ್ ಅದಾಗಲೇ ನೆನಪಿನ ಪರೀಕ್ಷೆ ಮುಗಿಸಿದ್ದ. ಮಾತ್ರೆ ಡಬ್ಬಿಯ ರಟ್ಟು ಹರಿದು ಅದರ ಹಿಂದೆ ಎಲ್ಲ ಬರೆದಿಟ್ಟುಕೊಂಡಿದ್ದ. ಐದು ಪದ ಹೇಳುತ್ತಾರೆ, ಆಮೇಲೆ ಬೇರೆ ಏನೇನೋ ಕೇಳಿ, ಕೊನೆಗೆ ಆ ಐದನ್ನೂ ತಿರುಗಿ ಕೇಳುತ್ತಾರೆ: ಕೊಡೆ, ಸೇತುವೆ, ನಿಂಬೆಹಣ್ಣು, ಕುದುರೆ, ಕನ್ನಡಿ. ಗಡಿಯಾರ ಬರೆಸುತ್ತಾರೆ, ಮೂರು ಗಂಟೆ ಇಪ್ಪತ್ತು ನಿಮಿಷ. ನೂರರಿಂದ ಏಳೇಳು ಕಳೆಯುತ್ತಾ ಬರಬೇಕು. ತಾರೀಖು, ವಾರ, ತಿಂಗಳು ಹೇಳಬೇಕು.

ರಟ್ಟು ಕೊಟ್ಟು ಸುಮ್ಮನಿದ್ದನೇ? ಇಲ್ಲ. ಕಡಿಮೆ ಅಂಕ ಬಂದವರನ್ನು ಹಿಂದಿನ ಬ್ಲಾಕಿಗೆ ಹಾಕುತ್ತಾರೆ, ಅದರ ಬಾಗಿಲಿಗೆ ನಂಬರ್ ಒತ್ತುವ ಬೀಗ ಇದೆ, ಒಳಗೆ ಹೋದವರು ಹೊರಗೆ ಬಂದದ್ದನ್ನು ತಾನಂತೂ ನೋಡಿಲ್ಲ ಅಂದ. ನೋಡಿಲ್ಲ ಅನ್ನುವುದು ನಿಜವೇ. ಅವನು ಆ ಕಡೆ ತಲೆ ಹಾಕಿಯೇ ಇರಲಿಲ್ಲ. ಆದರೆ ಹೆದರಿದ ಕಿವಿಗೆ ಇಷ್ಟು ಸಾಕಲ್ಲ. ಟೀಚರಮ್ಮ ರಟ್ಟನ್ನು ಮಡಚಿ ಪರ್ಸಿಗೆ ಹಾಕಿಕೊಂಡರು. ನಲವತ್ತೆರಡು ವರ್ಷ ಜೊತೆಗಿದ್ದ ಮನುಷ್ಯನನ್ನು ಬೀಗದ ಬಾಗಿಲಿನ ಹಿಂದೆ ಬಿಟ್ಟು ಬರುವುದಾ? ತಾವಿರುವ ತನಕ ಅದು ಆಗದ ಮಾತು ಅಂತ ಅಲ್ಲೇ ತೀರ್ಮಾನಿಸಿದರು.

ಮಾರನೇ ದಿನದಿಂದ ಊಟದ ಮೇಜೇ ಶಾಲೆ ಆಯಿತು.

ದಡ್ಡ ಮಕ್ಕಳನ್ನು ದಡ ಹತ್ತಿಸುವ ವಿದ್ಯೆಯಲ್ಲಿ ಟೀಚರಮ್ಮನನ್ನು ಮೀರಿಸುವವರಿರಲಿಲ್ಲ. ಬೆಳಗ್ಗೆ ಕ್ಷೌರ ಆದಮೇಲೆ ಅರ್ಧ ಗಂಟೆ, ಮಧ್ಯಾಹ್ನ ಮಲಗುವ ಮೊದಲು ಅರ್ಧ ಗಂಟೆ, ಸಂಜೆ ಟೀ ಕುಡಿಯುತ್ತಾ ಮತ್ತೆ. ಬರೀ ಬಾಯಿಪಾಠ ನಿಲ್ಲುವುದಿಲ್ಲ ಅಂತ ಗೊತ್ತು, ಅದಕ್ಕೇ ಕವಾಯತಿನ ಲಯಕ್ಕೆ ಹೊಂದಿಸಿದರು. ಎಡಗಾಲಿಗೆ ಕೊಡೆ, ಬಲಗಾಲಿಗೆ ಸೇತುವೆ. ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ ಕಮಾಂಡರು ಹೆಜ್ಜೆ ಹಾಕುತ್ತಾ ಹೇಳುವುದು, ಹಿಂದೆ ಟೀಚರಮ್ಮ ಸೌಟು ಹಿಡಿದುಕೊಂಡು ತಿದ್ದುವುದು. ಮೊದಲ ವಾರ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಎರಡನೇ ವಾರ ಮೂರು ಪದ ನಿಂತವು. ನಾಲ್ಕನೇ ವಾರಕ್ಕೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಕೊಡೆಯಿಂದ ಕನ್ನಡಿವರೆಗೆ ಒಂದೇ ಉಸಿರು. ತೊಂಬತ್ಮೂರು, ಎಂಬತ್ತಾರು, ಎಪ್ಪತ್ತೊಂಬತ್ತು ಅಂತ ಮಗ್ಗಿಯ ಹಾಗೆ ಹರಿಯಿತು. ತಾರೀಖು ಕೇಳಿದರೆ ಹನ್ನೆರಡು, ಗುರುವಾರ.

ಕಮಾಂಡರು ಒಂದು ದಿನವೂ ಬೇಡ ಅನ್ನಲಿಲ್ಲ. ಕೆಲವು ಸಲ ಮಾತ್ರ, ಪದ ತಪ್ಪಿದಾಗ, ಹೆಂಡತಿಯ ಮುಖವನ್ನು ಒಂದು ಗಳಿಗೆ ನೋಡಿ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು. ಟೀಚರಮ್ಮ ಅದನ್ನು ಶ್ರದ್ಧೆ ಅಂದುಕೊಂಡರು.

ಪರೀಕ್ಷೆಯ ದಿನ ಟೀಚರಮ್ಮ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಮುಕ್ಕಾಲು ಗಂಟೆ ಆದಮೇಲೆ ಬಾಗಿಲು ತೆರೆಯಿತು. ವಯಸ್ಸಿನಲ್ಲಿ ಇನ್ನೂ ಚಿಕ್ಕವಳಾದ ಡಾಕ್ಟರು ನಗುತ್ತಾ ಬಂದು, ಮೂವತ್ತಕ್ಕೆ ಇಪ್ಪತ್ತೆಂಟು, ಈ ವಯಸ್ಸಿಗೆ ಬಹಳ ಚೆನ್ನಾಗಿದೆ, ಚಿಂತೆ ಮಾಡುವಂಥದ್ದು ಕಾಣಿಸುತ್ತಿಲ್ಲ, ಒಂದು ವರ್ಷ ಬಿಟ್ಟು ಬನ್ನಿ ಅಂದಳು. ಟೀಚರಮ್ಮನ ಹೊಟ್ಟೆಗೆ ಹಾಲು ಹುಯ್ದ ಹಾಗಾಯಿತು. ಬಸ್ಸಿನಲ್ಲಿ ಕೂತ ಮೇಲೆ ಆ ಹಾಲು ಹುಳಿಯಾಯಿತು. ತಾವು ಮಾಡಿದ್ದು ಏನು ಅಂತ ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು.

ಅಷ್ಟು ಸಾಲದು ಅಂತ ನಾದಿನಿ ಬಂದಳು. ಕಮಾಂಡರ ತಂಗಿ. ಅಣ್ಣನಿಗೆ ಏನೂ ಆಗಿಲ್ಲ, ಅತ್ತಿಗೆಯೇ ಇಲ್ಲದ್ದು ಹಬ್ಬಿಸುತ್ತಿದ್ದಾಳೆ ಅಂತ ಮೊದಲಿನಿಂದಲೂ ಅವಳ ವಾದ. ವಾರಕ್ಕೊಮ್ಮೆ ಒಂದು ಗಂಟೆ ಬಂದು ಹೋಗುವವಳಿಗೆ ಅಣ್ಣ ಚೆನ್ನಾಗಿಯೇ ಕಾಣುತ್ತಿದ್ದ. ಅದೇ ನಾಲ್ಕು ಹಳೇ ಕಥೆ ಹೇಳಿ ನಗಿಸುತ್ತಿದ್ದ. ಅಂಕದ ಕಾಗದ ನೋಡಿದ್ದೇ ತಡ, ಅದನ್ನು ಫೋಟೋ ಹೊಡೆದು ನೆಂಟರಿಗೆಲ್ಲ ಕಳಿಸಿದಳು. ಇನ್ನಾದರೂ ಅಣ್ಣನನ್ನು ನೆಮ್ಮದಿಯಾಗಿ ಇರಲು ಬಿಡು ಅತ್ತಿಗೆ ಅಂದಳು. ಟೀಚರಮ್ಮನದು ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವರ ಪಾಡು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ನಾಲ್ಕು ತಿಂಗಳು ಹೀಗೇ ಕಳೆಯಿತು. ಗ್ಯಾಸಿನ ಕಿವಿಗೆ ಬಟ್ಟೆ ಕಟ್ಟಿ, ಬಾಗಿಲ ಚಿಲಕ ಮೇಲಕ್ಕೆ ಹಾಕಿಸಿ, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದರು. ಹಗಲು ಇಡೀ ಕಾದು, ರಾತ್ರಿ ಕಮಾಂಡರು ಎದ್ದು ಓಡಾಡಿದಾಗ ಜೊತೆಗೆ ಎದ್ದು, ಸ್ವಂತ ಬಿಪಿ ಮಾತ್ರೆ ನುಂಗಲು ಮರೆಯತೊಡಗಿದರು. ಸ್ನಾನಕ್ಕೆ ಹೋಗಲೂ ಹೆದರಿಕೆ. ಆದರೂ ಮೈ ತೊಳೆಯದೆ ಎಷ್ಟು ದಿನ ಇರುತ್ತಾರೆ? ಒಂದು ಸೋಮವಾರ ಬೆಳಗ್ಗೆ ಹತ್ತು ನಿಮಿಷ ಬಚ್ಚಲಿಗೆ ಹೋದರು. ಹೊರಗೆ ಬಂದರೆ ಬಾಗಿಲು ಹಾರು ಹೊಡೆದಿತ್ತು.

ಬೀದಿ ಮೂಲೆಯ ಅಂಗಡಿಗೆ ಬ್ರೆಡ್ ಲಾರಿ ಬಂದಿತ್ತು. ಡ್ರೈವರು ಕೀಲಿ ಅಲ್ಲೇ ಬಿಟ್ಟು ಬ್ರೆಡ್ ಇಳಿಸುತ್ತಿದ್ದ. ಕಮಾಂಡರು ಹತ್ತಿ ಕೂತು, ಕನ್ನಡಿ ಸರಿ ಮಾಡಿಕೊಂಡು, ಹೊರಟೇಬಿಟ್ಟರು. ಓಡಿಸಿದ್ದು ಎಷ್ಟು ಚೆನ್ನಾಗಿ ಅಂದರೆ, ಹಿಂದೆ ಓಡಿದ ಡ್ರೈವರೇ ಆಮೇಲೆ ಹೊಗಳಿದ. ಆದರೆ ಅದು ಅವರ ಕಾಲದ ಖಾಲಿ ರಸ್ತೆ ಅಲ್ಲವಲ್ಲ. ಶಾಲೆಗೆ ಹೋಗುತ್ತಿದ್ದ ಒಂದು ಹುಡುಗಿ ತಿರುವಿನಲ್ಲಿ ಲಾರಿ ಕಂಡು ಬೆದರಿ ಸೈಕಲ್ ಸಮೇತ ಚರಂಡಿಗೆ ಬಿದ್ದಳು. ಮೊಣಕಾಲು ತರಚಿತು, ಪುಣ್ಯಕ್ಕೆ ಅಷ್ಟೇ. ಊರಾಚೆ ಮೂರು ಮೈಲಿಯಲ್ಲಿ ಪೊಲೀಸರು ಹಿಡಿದಾಗ, ಕಮಾಂಡರು ರಸ್ತೆ ಪಕ್ಕ ನೀಟಾಗಿ ಲಾರಿ ನಿಲ್ಲಿಸಿಕೊಂಡು ಕನ್ನಡಿಯನ್ನೇ ನೋಡುತ್ತಾ ಕೂತಿದ್ದರು. ಸಾಲಿನಲ್ಲಿ ಹೋಗುವಾಗ ಹಿಂದಿನ ಗಾಡಿ ಕಣ್ಣಿಗೆ ಕಾಣದಿದ್ದರೆ ನಿಂತು ಕಾಯಬೇಕು, ಅದು ಸೇನೆಯ ನಿಯಮ. ಹಿಂದಿನವರು ಇನ್ನೂ ಬಂದಿಲ್ಲ, ಬಿಟ್ಟು ಹೇಗೆ ಹೋಗಲಿ ಅಂತ ಪೊಲೀಸರನ್ನೇ ಕೇಳಿದರಂತೆ.

ಲಾರಿಯವನು ದೂರು ಕೊಡಲಿಲ್ಲ, ದೊಡ್ಡ ಮನಸ್ಸು ಮಾಡಿದ. ಟೀಚರಮ್ಮ ಆ ಹುಡುಗಿಯ ಮನೆಗೆ ಹೋದರು. ಹುಡುಗಿ ಬ್ಯಾಂಡೇಜ್ ಕಟ್ಟಿದ ಕಾಲು ಚಾಚಿಕೊಂಡು ಕೂತು, ನೋವೇನಿಲ್ಲ ಅಜ್ಜಿ ಅಂತ ತಾನೇ ಸಮಾಧಾನ ಹೇಳಿದಳು. ಟೀಚರಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಕ್ಕಳನ್ನು ಕಾಯುವುದೇ ಜನ್ಮದ ಕೆಲಸ ಮಾಡಿಕೊಂಡವರು ಅವರು. ಇವತ್ತು ಅವರ ಒಂದು ಸುಳ್ಳಿಗೆ ಒಂದು ಮಗು ಚಕ್ರದ ಕೆಳಗೆ ಹೋಗುವುದು ಗೇಣಿನಲ್ಲಿ ತಪ್ಪಿತ್ತು.

ಮಾರನೇ ಬೆಳಗ್ಗೆ ಕಮಾಂಡರ ಕೈ ಹಿಡಿದುಕೊಂಡು ಆಸ್ಪತ್ರೆಗೆ ಹೋದರು. ಮನೆಯಲ್ಲಿ ನೋಡಿಕೊಳ್ಳಲು ಆಗುತ್ತಿಲ್ಲ, ಯಾವುದಾದರೂ ಸಹಾಯ ಇದೆಯಾ ಅಂತ ಸಿಸ್ಟರನ್ನು ಕೇಳಿದರು. ಇದೆಯಲ್ಲ ಅಂದಳು ಸಿಸ್ಟರ್, ಹಿಂದಿನ ಬ್ಲಾಕ್ ಇರುವುದೇ ಅದಕ್ಕೆ. ಹಗಲು ಆರೈಕೆ. ಬೆಳಗ್ಗೆ ಒಂಬತ್ತಕ್ಕೆ ವ್ಯಾನು ಮನೆ ಬಾಗಿಲಿಗೆ ಬರುತ್ತದೆ, ಸಂಜೆ ನಾಲ್ಕೂವರೆಗೆ ತಂದು ಬಿಡುತ್ತದೆ. ವಾರಕ್ಕೆ ಎರಡು ಸಲ ಒಬ್ಬರು ಮನೆಗೇ ಬಂದು ಸ್ನಾನಪಾನಕ್ಕೆ ಸಹಾಯ ಮಾಡುತ್ತಾರೆ. ಬೀಗ ಯಾಕೆ ಅಂದರೆ, ಯಾರೂ ಮರೆತು ರಸ್ತೆಗೆ ಹೋಗದಿರಲಿ ಅಂತ. ನೋಡಬೇಕಿದ್ದರೆ ಬನ್ನಿ ಅಂತ ಕರೆದುಕೊಂಡೂ ಹೋದಳು. ಗಾಜಿನ ಬಾಗಿಲಿನ ಆಚೆ ಬಿಸಿಲು ಬೀಳುವ ದೊಡ್ಡ ಕೋಣೆ. ಒಬ್ಬ ಗಿಡಗಳಿಗೆ ನೀರು ಹಾಕುತ್ತಿದ್ದ, ಇಬ್ಬರು ಟವೆಲ್ ಮಡಚುತ್ತಿದ್ದರು. ಕಿಟಕಿ ಪಕ್ಕ ಕೂತು ಚಮಚದಲ್ಲಿ ಮೇಜಿಗೆ ತಾಳ ಹಾಕುತ್ತಿದ್ದವನು ಯಾರು ಅಂತೀರಿ? ಸಾಕ್ಷಾತ್ ಬ್ಯಾಂಡ್ ಮಾಸ್ಟರ್. ಟೀಚರಮ್ಮನನ್ನು ನೋಡಿ ಕೈ ಎತ್ತಿದ. ಗುರುತು ಹಿಡಿದು ಎತ್ತಿದನೋ, ಸುಮ್ಮನೆ ಎತ್ತಿದನೋ. ಅವನ ಮೇಲೆ ಕೋಪ ಮಾಡಿಕೊಳ್ಳೋಣ ಅಂದರೂ ಆಗಲಿಲ್ಲ.

ಇಷ್ಟು ದಿನ ಯಾವ ಬಾಗಿಲಿಗೆ ಹೆದರಿ ಓಡಿದ್ದರೋ ಅದೇ ಬಾಗಿಲಿಗೆ ಈಗ ಸೇರಿಸಿಕೊಳ್ಳಿ ಅಂತ ಕೇಳಬೇಕಾಯಿತು. ಆದರೆ ಸಿಸ್ಟರ್ ಕಂಪ್ಯೂಟರ್ ನೋಡಿ ತಲೆ ಆಡಿಸಿದಳು. ಇಲ್ಲಿ ಇಪ್ಪತ್ತೆಂಟು ಅಂಕ ಇದೆಯಮ್ಮ, ಇವರಿಗೆ ಕೊಡುವ ಹಾಗಿಲ್ಲ, ಹದಿನೆಂಟಕ್ಕಿಂತ ಕೆಳಗಿರಬೇಕು, ಮತ್ತೆ ಪರೀಕ್ಷೆ ಅಂದರೆ ಇನ್ನೂ ಎಂಟು ತಿಂಗಳಿದೆ, ಡಾಕ್ಟರು ಬರೆದರೆ ಮಾತ್ರ ಬೇಗ ಆಗುತ್ತದೆ ಅಂದಳು.

ಡಾಕ್ಟರ ಕೋಣೆ ಎದುರಿನ ಬೆಂಚಿನಲ್ಲಿ ಟೀಚರಮ್ಮ ಒಂದು ಗಂಟೆ ಕೂತರು. ಕಾಯಿಲೆ ಈಚೆಗೆ ಹೆಚ್ಚಾಯಿತು ಅಂತ ಹೇಳಿದರೆ ಮುಗಿಯಿತಲ್ಲ, ಹಾವೂ ಸಾಯಲ್ಲ ಕೋಲೂ ಮುರಿಯಲ್ಲ ಅಂತ ಮನಸ್ಸು ಹೇಳಿತು. ಹೇಳಬಹುದಿತ್ತು. ಆದರೆ ಆ ಐದು ಪದ ಮತ್ತೆ ಕೇಳಿದರೆ ಈ ಮನುಷ್ಯ ಮತ್ತೆ ಗಡಗಡ ಒಪ್ಪಿಸುತ್ತಾನೆ. ತಾವು ಕಲಿಸಿದ್ದು ಅಳಿಸಿ ಹೋಗುವಂಥದ್ದಲ್ಲ. ಒಳಗೆ ಹೋದರು, ಕಮಾಂಡರನ್ನು ಸಿಸ್ಟರ್ ಹತ್ತಿರ ಹೊರಗೇ ಕೂರಿಸಿ.

"ಹೋದ ಸಲ ಆ ಇಪ್ಪತ್ತೆಂಟು ಅವರದಲ್ಲ ಡಾಕ್ಟರೇ, ನನ್ನದು," ಅಂದರು. "ಪ್ರಶ್ನೆ ಮೊದಲೇ ಸಿಕ್ಕಿತ್ತು. ಒಂದು ತಿಂಗಳು ಕೂರಿಸಿ ಬಾಯಿಪಾಠ ಮಾಡಿಸಿದೆ. ನಾನು ಟೀಚರು. ನಾನೇ ಕಾಪಿ ಹೊಡೆಸಿದೆ."

ಹೇಳುವಷ್ಟರಲ್ಲಿ ಅವರ ಕಿವಿ ಎಲ್ಲ ಕೆಂಪಾಗಿತ್ತು. ಡಾಕ್ಟರು ಬೈಯಲಿಲ್ಲ, ನಗಲೂ ಇಲ್ಲ. ಪೆನ್ನು ಕೆಳಗಿಟ್ಟಳು. ಆಮೇಲೆ, ಈ ವರ್ಷ ಇಪ್ಪತ್ತೆಂಟು ತೆಗೆದ ಮಾಜಿ ಸೈನಿಕರು ಒಂಬತ್ತು ಜನ ಇದ್ದಾರೆ, ತನಗೆ ಆಶ್ಚರ್ಯ ಆಗಿತ್ತು, ಅಂದಳು. ಎಲ್ಲರಿಗೂ ಒಂದೇ ಪಟ್ಟಿ ಕೇಳಿದ್ದು ತನ್ನದೂ ತಪ್ಪು ಅಂದಳು. ಆ ಒಂಬತ್ತೂ ಜನರನ್ನು ಕರೆಸುತ್ತೇನೆ, ನಿಮ್ಮವರದ್ದು ಇವತ್ತೇ ನೋಡೋಣ, ನೀವು ಅವರ ಹಿಂದೆ ಆ ಮೂಲೆ ಕುರ್ಚಿಯಲ್ಲಿ ಕೂರಿ, ಏನೇ ಆದರೂ ಮಾತಾಡಬಾರದು, ಅಷ್ಟೇ.

ಕಮಾಂಡರು ಬಂದು ನೆಟ್ಟಗೆ ಕೂತರು. ಮೂಲೆಯಲ್ಲಿ ಹೆಂಡತಿ ಕೂತದ್ದನ್ನು ಬರುವಾಗ ನೋಡಿದ್ದರು. ಎರಡು ನಿಮಿಷಕ್ಕೆ ಮರೆತೂ ಬಿಟ್ಟರು. ಡಾಕ್ಟರು ಹೊಸ ಐದು ಪದ ಹೇಳಿದಳು: ದೋಣಿ, ಟೊಪ್ಪಿ, ಬಾಳೆಹಣ್ಣು, ಏಣಿ, ಹಸು. ಕಮಾಂಡರು ಹಿಂದೆಯೇ ಹೇಳಿದರು, ಸರಿಯಾಗಿಯೇ ಹೇಳಿದರು. ತಾರೀಖು ಕೇಳಿದಾಗ ಎದೆ ಉಬ್ಬಿಸಿ, ಹನ್ನೆರಡು, ಗುರುವಾರ ಅಂದರು. ಅವತ್ತು ಮಂಗಳವಾರ. ಗಡಿಯಾರ ಬರೆಯಲು ಕೊಟ್ಟರೆ, ಡಾಕ್ಟರು ಹೇಳಿದ್ದು ಒಂಬತ್ತೂವರೆ, ಇವರು ಬರೆದದ್ದು ಮೂರು ಇಪ್ಪತ್ತು. ಮೂಲೆಯಲ್ಲಿ ಟೀಚರಮ್ಮ ಸೆರಗಿನ ತುದಿ ಹಿಡಿದು ಕೂತಿದ್ದರು. ತಿದ್ದಬೇಕು ಅಂತ ನಾಲಿಗೆ ತುದಿಗೆ ಬರುತ್ತಿತ್ತು, ನುಂಗುತ್ತಿದ್ದರು. ಮೂವತ್ತೊಂದು ವರ್ಷದಲ್ಲಿ ಅಷ್ಟು ಕಷ್ಟದ ಪರೀಕ್ಷೆ ಅವರು ಯಾರಿಗೂ ಕೊಟ್ಟಿರಲಿಲ್ಲ.

ಕೊನೆಗೆ ಡಾಕ್ಟರು, ಆಗ ಹೇಳಿದ ಐದು ಪದ ಹೇಳಿ ಅಂದಳು.

"ಕೊಡೆ, ಸೇತುವೆ, ನಿಂಬೆಹಣ್ಣು, ಕುದುರೆ, ಕನ್ನಡಿ," ಅಂದರು ಕಮಾಂಡರು, ಒಂದೇ ಉಸಿರಿಗೆ.

ಅವಲ್ಲ, ಇವತ್ತು ಹೇಳಿದ್ದು ಅಂದಳು ಡಾಕ್ಟರು, ಮೆಲ್ಲಗೆ. ಕಮಾಂಡರ ಕಾಲು ಕೆಳಗೆ ಎಡ ಬಲ ಅಂತ ಒಂದೆರಡು ಸಲ ತಾಳ ಹಾಕಿ ನಿಂತಿತು. ನೆಟ್ಟಗಿದ್ದ ಬೆನ್ನು ನಿಧಾನಕ್ಕೆ ಬಾಗಿತು. ಮೇಜಿನ ಮೇಲೆ ಮುಂದಕ್ಕೆ ವಾಲಿ, ಯಾರಿಗೂ ಕೇಳಬಾರದು ಅನ್ನುವ ಹಾಗೆ ದನಿ ತಗ್ಗಿಸಿದರು.

"ಡಾಕ್ಟರೇ, ನನಗೆ ಏನೂ ನಿಲ್ಲಲ್ಲ. ಬಹಳ ದಿನ ಆಯ್ತು. ಒಳಗೆ ಭಯ ಆಗುತ್ತೆ. ನಮ್ಮ ಮನೆಯವಳಿಗೆ ಮಾತ್ರ ಹೇಳಬೇಡಿ. ಪಾಪ, ದಿನಾ ಕೂತು ಹೇಳಿಕೊಡ್ತಾಳೆ. ಬರಲಿಲ್ಲ ಅಂದ್ರೆ ಅವಳ ಮುಖ ನೋಡಕ್ಕಾಗಲ್ಲ."

ಡಾಕ್ಟರು ಮೂಲೆಯ ಕಡೆ ನೋಡಲಿಲ್ಲ. ಹೇಳಲ್ಲ ಅಂದಳು. ಟೀಚರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಭಯ ಎಲ್ಲ ತಮ್ಮೊಬ್ಬರದೇ ಅಂದುಕೊಂಡಿದ್ದರಲ್ಲ, ಇಷ್ಟು ದಿನ! ಅಡುಗೆಮನೆಗೂ ಹಾಲಿಗೂ ಹೆಜ್ಜೆ ಹಾಕಿಸಿದ ಅಷ್ಟೂ ದಿನ, ಈ ಮನುಷ್ಯ ಮುಳುಗುತ್ತಿರುವುದು ತನಗೆ ಗೊತ್ತಿದ್ದೂ, ಹೆಂಡತಿಗೆ ಗೊತ್ತಾಗಬಾರದು ಅಂತ ಪದ ಉರು ಹೊಡೆದಿದ್ದ. ಇವರು ಅವರಿಗೋಸ್ಕರ ಕಾಪಿ ಹೊಡೆಸಿದ್ದು, ಅವರು ಇವರಿಗೋಸ್ಕರ ಹೊಡೆದದ್ದು. ಒಂದು ದಿನ, ಒಂದೇ ಒಂದು ದಿನ, ನಿಮಗೆ ಹೆದರಿಕೆ ಆಗುತ್ತಿದೆಯಾ ಅಂತ ಕೇಳಿದ್ದರೆ ಆಗುತ್ತಿತ್ತು. ಕೇಳಿರಲಿಲ್ಲ.

ಹನ್ನೊಂದು ಅಂಕ ಬಂತು. ಡಾಕ್ಟರು ಕಾಗದ ಬರೆದಳು, ಸಿಸ್ಟರ್ ಮುದ್ರೆ ಒತ್ತಿದಳು. ಬರುವ ಸೋಮವಾರದಿಂದ ವ್ಯಾನು ಬರುತ್ತದೆ, ಔಷಧಿ ಶುರು ಮಾಡೋಣ, ಮನೆಗೆ ಬರುವ ಸಹಾಯಕಿ ಬುಧವಾರ ಶುಕ್ರವಾರ. ನಾದಿನಿಗೆ ಏನು ಹೇಳುವುದು ಅನ್ನುವುದು ಇನ್ನೂ ಬಾಕಿ ಇತ್ತು. ಇದ್ದದ್ದು ಇದ್ದ ಹಾಗೆ ಹೇಳಿದರಾಯಿತು, ಅವಳೂ ಅವರ ತಂಗಿಯೇ ತಾನೇ ಅಂದುಕೊಂಡರು ಟೀಚರಮ್ಮ.

ಹೊರಗೆ ಹಾಲಿನಲ್ಲಿ ಕಮಾಂಡರು ಬೆಂಚಿನ ಮೇಲೆ ಕೂತಿದ್ದರು, ಕೈ ಎರಡೂ ತೊಡೆ ಮೇಲೆ. ಟೀಚರಮ್ಮ ಹೋಗಿ ಪಕ್ಕದಲ್ಲಿ ಕೂತರು. ಕಮಾಂಡರು ಅವರ ಕೈಯಲ್ಲಿದ್ದ ಕಾಗದ ನೋಡಿದರು.

"ಪಾಸಾ, ಫೇಲಾ?" ಅಂತ ಕೇಳಿದರು.

ಟೀಚರಮ್ಮನಿಗೆ ಪಾಸು ಅನ್ನುವುದು ಎಷ್ಟು ಹೊತ್ತಿನ ಕೆಲಸ? ಬಾಯಿಗೂ ಬಂದಿತ್ತು.

"ಫೇಲ್ ಆಗಿದೀರಿ ರೀ," ಅಂದರು.

ಕಮಾಂಡರು ಅವರ ಮುಖವನ್ನೇ ನೋಡಿದರು, ಬಹಳ ಹೊತ್ತು, ಏನೋ ಹುಡುಕುವವರ ಹಾಗೆ. "ನಿನಗೆ ಬೇಜಾರಾಯ್ತಾ?"

"ಇಲ್ಲ. ಒಂಚೂರೂ ಇಲ್ಲ."

"ಹಾಗಾದ್ರೆ ನಾಳೆಯಿಂದ ಓದೋದು ಬೇಡ್ವಾ?"

"ಬೇಡ," ಅಂದರು ಟೀಚರಮ್ಮ. "ಇನ್ನು ಯಾವತ್ತೂ ಬೇಡ."

ಕಮಾಂಡರು ಅಂಗಿಯ ಮೇಲಿನ ಗುಂಡಿ ಬಿಚ್ಚಿದರು. ಬೆನ್ನನ್ನು ಗೋಡೆಗೆ ಆನಿಸಿ, ಕಾಲು ಮುಂದಕ್ಕೆ ಚಾಚಿ, ದೊಡ್ಡದೊಂದು ಉಸಿರು ಬಿಟ್ಟರು. ಟೀಚರಮ್ಮ ಅಲ್ಲೇ, ಅಷ್ಟು ಜನರ ಎದುರಿಗೇ, ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟರು. ಅಳಬೇಡ ಕಣೇ, ಫೇಲಾಗಿದ್ದು ನಾನು ತಾನೇ ಅಂತ ಕಮಾಂಡರು ಅವರ ಬೆನ್ನು ಸವರುತ್ತಾ ಕೂತರು.